ದ್ರಾಕ್ಷಾರಸದ ಆಯುಷ್ಯ



ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಸೀಮೆಯಲ್ಲಿರುವ ನಿಮಗೆ ದ್ರಾಕ್ಷಿ ಎಂದರೇನು ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. ಫೆಬ್ರುವರಿ, ಮಾರ್ಚ್ ತಿಂಗಳಲ್ಲಿ ತೋಟದಲ್ಲಿ ಕತ್ತರಿಯ ಸಪ್ಪಳ ಕೇಳತೊಡಗಿತೆಂದರೆ ಮನೆಯಲ್ಲಿ ಎಲ್ಲರ ಜೀವ ಕೈಯಲ್ಲಿರುತ್ತದೆ. ಗೊಂಚಲನ್ನು ಬಳ್ಳಿಯಿಂದ ಕತ್ತರಿಸಿದ ಗಳಿಗೆಯಿಂದಲೇ ಅದರ ಆಯುಷ್ಯದ ಎಣಿಕೆ ಶುರುವಾಗುತ್ತದೆ. ಬಿಸಿಲಿನ ದಿನಗಳಲ್ಲಿ ನಾಲ್ಕು ದಿನ ಕಳೆಯುವಷ್ಟರಲ್ಲಿ ತೊಟ್ಟು ಒಣಗುತ್ತದೆ, ಹಣ್ಣು ಉದುರುತ್ತದೆ, ಹುಳಿ ವಾಸನೆ ಬರುತ್ತದೆ. ಆ ನಾಲ್ಕು ದಿನದೊಳಗೆ ವ್ಯಾಪಾರಿ ಹೇಳಿದ ಬೆಲೆಗೆ ಒಪ್ಪಿಕೊಳ್ಳದೆ ಗತ್ಯಂತರವಿಲ್ಲ.

ಈಗ ಇನ್ನೊಂದು ಸಂಗತಿಯನ್ನು ನೋಡಿ. 2010ರ ಜುಲೈ ತಿಂಗಳಲ್ಲಿ ಫಿನ್ಲೆಂಡ್ ದೇಶಕ್ಕೆ ಸೇರಿದ ಓಲಂಡ್ ದ್ವೀಪಗಳ ಬಳಿ ಬಾಲ್ಟಿಕ್ ಸಮುದ್ರದಲ್ಲಿ ಮುಳುಗುಗಾರರು ಒಂದು ಹಳೆಯ ಹಡಗನ್ನು ಕಂಡರು. ಸುಮಾರು 50 ಮೀಟರ್ ಆಳದಲ್ಲಿ ಬಿದ್ದಿದ್ದ ಆ ಹಡಗಿನಿಂದ ಷಾಂಪೇನ್ ವೈನಿನ 168 ಸೀಸೆಗಳನ್ನು ಮೇಲಕ್ಕೆ ತರಲಾಯಿತು. ಅವು ಸುಮಾರು 170 ವರ್ಷ ಹಳೆಯವು. ಅದೂ ದ್ರಾಕ್ಷಿಯ ರಸವೇ. ಒಂದು ಕಡೆ ನಾಲ್ಕು ದಿನ, ಇನ್ನೊಂದು ಕಡೆ 170 ವರ್ಷ. ಒಂದೇ ಹಣ್ಣಿಗೆ ಇಷ್ಟು ಅಂತರದ ಆಯುಷ್ಯ ಬಂದದ್ದು ಹೇಗೆ? ಅದನ್ನು ಕಾಪಾಡುವ ನೆಲಮಾಳಿಗೆಯ ಗುಟ್ಟೇನು? ಆ ರಸವನ್ನು ನಾಲಗೆಯ ಮೇಲಿಟ್ಟು ಪರೀಕ್ಷಿಸುವವರು ಏನನ್ನು ಹುಡುಕುತ್ತಾರೆ? ಈ ಪ್ರಶ್ನೆಗಳಿಗೆ ಉತ್ತರ ಹುಡುಕೋಣ.

ಮೊದಲೇ ಒಂದು ಮಾತು ಹೇಳಿಬಿಡಬೇಕು. ಕುಡಿತ ಎಷ್ಟು ಮನೆಗಳ ದೀಪ ಆರಿಸಿದೆ ಎಂಬುದು ಎಲ್ಲರಿಗೂ ಗೊತ್ತಿದೆ. ಇಲ್ಲಿ ಕುಡಿಯಿರಿ ಎಂದು ಯಾರಿಗೂ ಹೇಳುತ್ತಿಲ್ಲ. ವೈನ್ ಪರೀಕ್ಷೆಯನ್ನು ಕಸುಬಾಗಿ ಮಾಡುವವರು ಕೂಡ ಬಾಯಿಗೆ ಹಾಕಿಕೊಂಡದ್ದನ್ನು ನುಂಗದೆ ಪಕ್ಕದ ಪಾತ್ರೆಗೆ ಉಗುಳುತ್ತಾರೆ. ದ್ರಾಕ್ಷಿ ಬೆಳೆಯುವ ಜನ ತಮ್ಮ ಹಣ್ಣಿನ ಇನ್ನೊಂದು ಜನ್ಮವನ್ನು ತಿಳಿದಿರಬೇಕು ಎಂಬುದಷ್ಟೇ ಇಲ್ಲಿಯ ಉದ್ದೇಶ.

ವೈನ್ ಎಂದರೆ ಹುದುಗಿದ ದ್ರಾಕ್ಷಿ ರಸ. ಹಣ್ಣನ್ನು ಜಜ್ಜಿ ಇಟ್ಟರೆ ಯೀಸ್ಟ್ ಎಂಬ ಸೂಕ್ಷ್ಮಜೀವಿ ಅದರಲ್ಲಿನ ಸಕ್ಕರೆಯನ್ನು ತಿನ್ನುತ್ತದೆ. ತಿಂದ ಸಕ್ಕರೆ ಒಂದು ಕಡೆ ಮದ್ಯಸಾರವಾಗುತ್ತದೆ, ಇನ್ನೊಂದು ಕಡೆ ಇಂಗಾಲದ ಡೈಆಕ್ಸೈಡ್ ಅನಿಲವಾಗಿ ಗುಳ್ಳೆಗಟ್ಟಿ ಮೇಲೇಳುತ್ತದೆ. ಲೀಟರಿಗೆ ಸುಮಾರು 17 ಗ್ರಾಂ ಸಕ್ಕರೆ ಕರಗಿದರೆ ಶೇಕಡ 1ರಷ್ಟು ಮದ್ಯಸಾರ ಹುಟ್ಟುತ್ತದೆ ಎಂಬುದು ಲೆಕ್ಕ. ಸಾಮಾನ್ಯ ವೈನಿನಲ್ಲಿ ಇದು ಶೇಕಡ 12ರಿಂದ 14ರವರೆಗೆ ಇರುತ್ತದೆ. ನಮ್ಮ ವೈದ್ಯರ ಅಂಗಡಿಯಲ್ಲಿ ಸಿಗುವ ದ್ರಾಕ್ಷಾಸವ, ದ್ರಾಕ್ಷಾರಿಷ್ಟಗಳೂ ಹೀಗೆ ಹುದುಗಿಸಿ ಮಾಡಿದವೇ. ಅವುಗಳ ಪಾತ್ರೆಯನ್ನು ಬಾಯಿ ಮುಚ್ಚಿ, ಮಣ್ಣು ಮೆತ್ತಿ, ಧಾನ್ಯದ ರಾಶಿಯಲ್ಲಿ ಹೂತಿಡುವ ಪದ್ಧತಿ ಇತ್ತು. ಬಿಸಿಲು ತಾಗದಂತೆ, ಅಲುಗಾಡದಂತೆ, ಹೊರಗಿನ ಗಾಳಿ ಸೋಕದಂತೆ ಇಡಬೇಕೆಂಬ ತಿಳಿವಳಿಕೆ ಅದರಲ್ಲಿದೆ. ಮುಂದೆ ಬರುವ ನೆಲಮಾಳಿಗೆಯ ಕಥೆಯೆಲ್ಲ ಈ ಮೂರು ಮಾತುಗಳ ವಿಸ್ತಾರ.

ಹುದುಗಿದ ರಸಕ್ಕೆ ದೊಡ್ಡ ಶತ್ರು ಗಾಳಿ, ಅಂದರೆ ಗಾಳಿಯಲ್ಲಿರುವ ಆಮ್ಲಜನಕ. ತೆರೆದಿಟ್ಟ ವೈನಿನಲ್ಲಿ ಇನ್ನೊಂದು ಬಗೆಯ ಸೂಕ್ಷ್ಮಜೀವಿ ಸೇರಿಕೊಂಡು ಮದ್ಯಸಾರವನ್ನು ವಿನೆಗರ್ ಮಾಡಿಬಿಡುತ್ತದೆ. ಫ್ರೆಂಚ್ ವಿಜ್ಞಾನಿ ಲೂಯಿ ಪಾಶ್ಚರ್ ವೈನ್ ಏಕೆ ಕೆಡುತ್ತದೆ ಎಂಬುದನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ನೋಡಿ, 1866ರಲ್ಲಿ ಅದರ ಬಗ್ಗೆ ಒಂದು ಗ್ರಂಥವನ್ನೇ ಪ್ರಕಟಿಸಿದರು. ಹಾಲು ಕಾಯಿಸಿಡುವ ಇಂದಿನ ಡೇರಿಗಳಲ್ಲಿ ಪಾಶ್ಚರೀಕರಣ ಎಂದು ಕೇಳುತ್ತೇವಲ್ಲ, ಅದರ ಮೂಲ ವೈನ್ ಮತ್ತು ಬಿಯರ್ ಕೆಡದಂತೆ ಕಾಪಾಡುವ ಈ ಪ್ರಯತ್ನದಲ್ಲಿದೆ.

ಗಾಳಿಯನ್ನು ತಡೆಯುವ ಕಾವಲುಗಾರ ಕಾರ್ಕ್ ಎಂಬ ಬೂಚು. ಅದು ಒಂದು ಜಾತಿಯ ಓಕ್ ಮರದ ತೊಗಟೆ. ಪೋರ್ಚುಗಲ್ ದೇಶದಲ್ಲಿ ಈ ಮರಗಳ ದೊಡ್ಡ ತೋಪುಗಳಿವೆ. ಮರಕ್ಕೆ ಸುಮಾರು 25 ವರ್ಷವಾದ ಮೇಲೆ ಮೊದಲ ಸಲ ತೊಗಟೆ ಸುಲಿಯುತ್ತಾರೆ. ಆಮೇಲೆ 9 ವರ್ಷಕ್ಕೊಮ್ಮೆ. ಮರ ಸಾಯುವುದಿಲ್ಲ, ಮತ್ತೆ ತೊಗಟೆ ಬೆಳೆಸಿಕೊಳ್ಳುತ್ತದೆ. ಈ ತೊಗಟೆಯ ತುಂಬ ಗಾಳಿ ತುಂಬಿದ ಪುಟ್ಟ ಪುಟ್ಟ ಕೋಶಗಳಿರುವುದರಿಂದ ಅದನ್ನು ಒತ್ತಿ ಸೀಸೆಯ ಕತ್ತಿಗೆ ತುರುಕಿದರೆ ಹಿಗ್ಗಿ ಬಿಗಿಯಾಗಿ ಕೂರುತ್ತದೆ. ಆದರೆ ಬೂಚು ಒಣಗಿದರೆ ಕುಗ್ಗುತ್ತದೆ, ಸಂದು ಬಿಡುತ್ತದೆ, ಗಾಳಿ ಒಳನುಗ್ಗುತ್ತದೆ. ಸೀಸೆಯನ್ನು ಅಡ್ಡ ಮಲಗಿಸಿ ಇಡುವುದಕ್ಕೆ ಕಾರಣ ಇದೇ. ಮಲಗಿದ ಸೀಸೆಯಲ್ಲಿ ವೈನ್ ಸದಾ ಬೂಚನ್ನು ತೋಯಿಸುತ್ತಿರುತ್ತದೆ. ಈಗ ತಿರುಪಿನ ಲೋಹದ ಮುಚ್ಚಳಗಳೂ ಬಂದಿವೆ. ಅಂಥ ಸೀಸೆಯನ್ನು ಮಲಗಿಸಲೇಬೇಕೆಂಬ ನಿಯಮವಿಲ್ಲ.

ಇನ್ನು ನೆಲಮಾಳಿಗೆಗೆ ಇಳಿಯೋಣ. ಇದನ್ನು ಅರ್ಥ ಮಾಡಿಕೊಳ್ಳಲು ನಮ್ಮ ಸೀಮೆಯವರಿಗೆ ಒಳ್ಳೆಯ ಹೋಲಿಕೆ ಇದೆ. ಅದು ಹಗೇವು. ಜೋಳದ ಸುಗ್ಗಿ ಮುಗಿದ ಮೇಲೆ ನೆಲದೊಳಗೆ ತೋಡಿದ ಹಗೇವಿನಲ್ಲಿ ಕಾಳು ಸುರಿದು ಬಾಯಿ ಮುಚ್ಚಿ ಮಣ್ಣು ಹಾಕುತ್ತಿದ್ದುದನ್ನು ಹಿರಿಯರು ಕಂಡಿದ್ದಾರೆ. ಮೇಲೆ ಬಿಸಿಲು ಸುಡುತ್ತಿರಲಿ, ಚಳಿ ಕೊರೆಯುತ್ತಿರಲಿ, ಹಗೇವಿನ ತಳದಲ್ಲಿ ಉಷ್ಣಾಂಶ ಹೆಚ್ಚು ಬದಲಾಗುವುದಿಲ್ಲ. ಬೆಳಕಿಲ್ಲ, ಗಾಳಿಯಿಲ್ಲ, ಹುಳು ಬದುಕುವುದಿಲ್ಲ. ಹೀಗಾಗಿ ಕಾಳು ವರ್ಷಗಟ್ಟಲೆ ಕಾಯುತ್ತಿತ್ತು. ವೈನಿನ ನೆಲಮಾಳಿಗೆಯೂ ಇದೇ ತತ್ವದ್ದು. ವ್ಯತ್ಯಾಸ ಒಂದೇ: ಹಗೇವು ಒಣಗಿರಬೇಕು, ವೈನಿನ ಮಾಳಿಗೆ ತುಸು ತೇವವಾಗಿರಬೇಕು. ತೇವವಿಲ್ಲದಿದ್ದರೆ ಬೂಚಿನ ಹೊರಭಾಗ ಒಣಗುತ್ತದೆ.

ಹಗೇವಿಗೂ ಮಾಳಿಗೆಗೂ ಇನ್ನೊಂದು ಹೋಲಿಕೆ ಇದೆ, ಅದು ಅಪಾಯದ್ದು. ಹಗೇವಿನ ಬಾಯಿ ತೆಗೆದ ಕೂಡಲೇ ಯಾರೂ ಒಳಗೆ ಇಳಿಯಬಾರದು ಎಂದು ಹಿರಿಯರು ಗದರಿಸುತ್ತಿದ್ದರು. ಕಾಳು ಉಸಿರಾಡಿ ಉಸಿರಾಡಿ ಒಳಗಿನ ಆಮ್ಲಜನಕವೆಲ್ಲ ತೀರಿ ಇಂಗಾಲದ ಡೈಆಕ್ಸೈಡ್ ತುಂಬಿರುತ್ತದೆ. ರಸ ಹುದುಗುವ ಮಾಳಿಗೆಗಳಲ್ಲಿಯೂ ಅದೇ ಅನಿಲ ಗಾಳಿಗಿಂತ ಭಾರವಾದ್ದರಿಂದ ನೆಲದ ಮಟ್ಟದಲ್ಲಿ ನಿಲ್ಲುತ್ತದೆ. ಯುರೋಪಿನ ಕೆಲಸಗಾರರು ಉರಿಯುವ ಮೇಣದಬತ್ತಿಯನ್ನು ಮುಂದೆ ಹಿಡಿದುಕೊಂಡು ಇಳಿಯುತ್ತಿದ್ದರು. ಬತ್ತಿ ಆರಿತೆಂದರೆ ಹಿಂತಿರುಗುತ್ತಿದ್ದರು. ಸಾವಿರಾರು ಮೈಲಿ ದೂರದ ಎರಡು ಒಕ್ಕಲು ಸಮಾಜಗಳು ಒಂದೇ ಎಚ್ಚರವನ್ನು ಕಲಿತಿದ್ದವು.

ಮಾಳಿಗೆಯ ನಿಯಮಗಳನ್ನು ಒಂದೊಂದಾಗಿ ನೋಡೋಣ. ಮೊದಲನೆಯದು ತಂಪು. ವೈನಿಗೆ 12, 13 ಡಿಗ್ರಿ ಸೆಲ್ಸಿಯಸ್ ಹಿತವಾದ ಉಷ್ಣಾಂಶ. ಸೀಸೆಯೊಳಗೆ ರಾಸಾಯನಿಕ ಕ್ರಿಯೆಗಳು ನಿಧಾನವಾಗಿ ನಡೆಯುತ್ತಲೇ ಇರುತ್ತವೆ. ಉಷ್ಣಾಂಶ 10 ಡಿಗ್ರಿ ಏರಿದರೆ ಇಂಥ ಕ್ರಿಯೆಗಳ ವೇಗ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ ಎಂಬುದು ಸ್ಥೂಲ ಲೆಕ್ಕ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಸೊಲ್ಲಾಪುರದ ಒಂದು ತಗಡಿನ ಕೋಣೆಯಲ್ಲಿ ಒಳ್ಳೆಯ ವೈನನ್ನು ಕೆಲವು ವಾರ ಇಟ್ಟರೂ ಸಾಕು, ಅದು ಬೇಯಿಸಿದ ಹಣ್ಣಿನ ರುಚಿಗೆ ತಿರುಗುತ್ತದೆ. ತಂಪಿಗಿಂತಲೂ ಮುಖ್ಯವಾದದ್ದು ಏರಿಳಿತವಿಲ್ಲದಿರುವುದು. ಹಗಲು ಬಿಸಿಯಾಗಿ ರಸ ಹಿಗ್ಗಿದರೆ ಬೂಚನ್ನು ಹೊರಕ್ಕೆ ನೂಕುತ್ತದೆ. ರಾತ್ರಿ ತಂಪಾಗಿ ಕುಗ್ಗಿದರೆ ಹೊರಗಿನ ಗಾಳಿಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ದಿನ ದಿನವೂ ಹೀಗಾದರೆ ಸೀಸೆಯೇ ಉಸಿರಾಡಿದಂತಾಗುತ್ತದೆ.

ಎರಡನೆಯದು ಕತ್ತಲು. ಬೆಳಕು ವೈನಿನಲ್ಲಿರುವ ಕೆಲವು ಪದಾರ್ಥಗಳನ್ನು ಒಡೆದು ಗಂಧಕದ ಸಂಯುಕ್ತಗಳನ್ನು ಹುಟ್ಟಿಸುತ್ತದೆ. ಆಗ ಬೇಯಿಸಿದ ಕೋಸುಗಡ್ಡೆಯ ವಾಸನೆ, ಒದ್ದೆ ಉಣ್ಣೆಯ ವಾಸನೆ ಬರುತ್ತದೆ. ಹೆಚ್ಚಿನ ಸೀಸೆಗಳು ಹಸಿರು ಅಥವಾ ಕಂದು ಬಣ್ಣದ್ದಾಗಿರುವುದು ಅಂದಕ್ಕಷ್ಟೇ ಅಲ್ಲ. ಮೂರನೆಯದು ನಿಶ್ಚಲತೆ. ಹಳೆಯ ಕೆಂಪು ವೈನಿನ ತಳದಲ್ಲಿ ಮಡ್ಡಿ ಕೂರುತ್ತದೆ. ಅಲುಗಿದರೆ ಅದು ಕದಡುತ್ತದೆ. ನಾಲ್ಕನೆಯದು ಶುದ್ಧ ಗಾಳಿ. ಸೀಮೆಎಣ್ಣೆ, ಬಣ್ಣ, ಕ್ರಿಮಿನಾಶಕ ಮುಂತಾದ ಘಾಟು ವಸ್ತುಗಳನ್ನು ಮಾಳಿಗೆಯ ಹತ್ತಿರವೂ ಸೇರಿಸುವುದಿಲ್ಲ.

ಈ ಎಲ್ಲ ನಿಯಮಗಳನ್ನು ಪ್ರಕೃತಿಯೇ ಪಾಲಿಸಿದಂತಿರುವ ಜಾಗ ಫ್ರಾನ್ಸ್ ದೇಶದ ಷಾಂಪೇನ್ ಪ್ರಾಂತ. ಅಲ್ಲಿಯ ರೀಮ್ಸ್ ಪಟ್ಟಣದ ನೆಲದಡಿಯಲ್ಲಿ ಸೀಮೆಸುಣ್ಣದಂಥ ಬಿಳಿಯ ಮೃದು ಕಲ್ಲು ಇದೆ. ಪ್ರಾಚೀನ ಕಾಲದಿಂದ ಮನೆ ಕಟ್ಟಲು ಅದನ್ನು ಅಗೆದು ತೆಗೆದ ಗುಣಿಗಳು ಅಲ್ಲಿ ಉಳಿದಿದ್ದವು. ಮೇಲೆ ಕಿರಿದಾದ ಬಾಯಿ, ಕೆಳಗೆ ಹೋದಂತೆ ಅಗಲ. ನಮ್ಮ ಹಗೇವಿನ ಆಕಾರವೇ, ಅಳತೆ ಮಾತ್ರ ಬಹು ದೊಡ್ಡದು. ಕೆಲವು 30 ಮೀಟರಿನಷ್ಟು ಆಳ. 18ನೆಯ ಶತಮಾನದಲ್ಲಿ ವೈನ್ ವರ್ತಕರು ಇವುಗಳಲ್ಲಿ ಸೀಸೆ ಇಡತೊಡಗಿದರು. ವರ್ಷವಿಡೀ 10ರಿಂದ 12 ಡಿಗ್ರಿ ಉಷ್ಣಾಂಶ. ಕಲ್ಲೇ ನೀರನ್ನು ಹೀರಿ ಹಿಡಿದಿಟ್ಟುಕೊಳ್ಳುವುದರಿಂದ ಬೇಕಾದಷ್ಟು ತೇವ. ಸಮೀಪದ ಎಪೆರ್ನೆ ಎಂಬ ಊರಿನಲ್ಲಿ ಒಂದೊಂದು ಮನೆತನದ ಸುರಂಗಗಳು ಹತ್ತಾರು ಕಿಲೋಮೀಟರ್ ಉದ್ದ ಇವೆ. 2015ರಲ್ಲಿ ಯುನೆಸ್ಕೊ ಸಂಸ್ಥೆ ಷಾಂಪೇನಿನ ಗುಡ್ಡಗಳು, ವೈನ್ ಮನೆತನಗಳು ಮತ್ತು ನೆಲಮಾಳಿಗೆಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಷಾಂಪೇನ್ ಎಂಬ ಈ ನೊರೆ ವೈನ್ ಎರಡು ಸಲ ಹುದುಗುತ್ತದೆ. ಎರಡನೆಯ ಸಲ ಸೀಸೆಯೊಳಗೇ. ಬೂಚು ಹಾಕಿದ ಸೀಸೆಯಲ್ಲಿ ಹುಟ್ಟಿದ ಅನಿಲ ಹೊರಗೆ ಹೋಗಲಾರದೆ ರಸದಲ್ಲಿ ಕರಗಿ ಆರು ವಾಯುಮಂಡಲದಷ್ಟು ಒತ್ತಡ ಹಾಕುತ್ತದೆ. ಹಿಂದಿನ ಕಾಲದಲ್ಲಿ ಸಕ್ಕರೆಯ ಅಳತೆ ತಪ್ಪಿ ಸೀಸೆಗಳು ಸಿಡಿಯುತ್ತಿದ್ದವು. ಕೆಲಸಗಾರರು ಮುಖಕ್ಕೆ ಕಬ್ಬಿಣದ ಮುಸುಕು ಹಾಕಿಕೊಂಡು ಮಾಳಿಗೆಗೆ ಇಳಿಯಬೇಕಾಗಿತ್ತು. ಸತ್ತ ಯೀಸ್ಟಿನ ಮಡ್ಡಿಯನ್ನು ಹೊರತೆಗೆಯುವುದೂ ಕಷ್ಟವಾಗಿತ್ತು. 1805ರಲ್ಲಿ, 27ನೆಯ ವಯಸ್ಸಿನಲ್ಲಿ ಗಂಡನನ್ನು ಕಳೆದುಕೊಂಡು ವ್ಯಾಪಾರವನ್ನು ಕೈಗೆತ್ತಿಕೊಂಡ ಕ್ಲಿಕೋ ಎಂಬ ಮಹಿಳೆಯ ಮಾಳಿಗೆಯಲ್ಲಿ ಇದಕ್ಕೆ ಉಪಾಯ ಸಿಕ್ಕಿತು. ತೂತು ಕೊರೆದ ಹಲಗೆಯಲ್ಲಿ ಸೀಸೆಗಳನ್ನು ತಲೆಕೆಳಗಾಗಿ ಸಿಕ್ಕಿಸಿ, ದಿನಕ್ಕಿಷ್ಟು ಎಂದು ತಿರುವುತ್ತಾ ಹೋದರೆ ಮಡ್ಡಿಯೆಲ್ಲ ಕತ್ತಿಗೆ ಇಳಿಯುತ್ತದೆ. ಆಮೇಲೆ ಬೂಚು ತೆಗೆದರೆ ಒಳಗಿನ ಒತ್ತಡವೇ ಅದನ್ನು ಹೊರಕ್ಕೆ ಚಿಮ್ಮಿಸುತ್ತದೆ. ಈಗ ಈ ಕೆಲಸವನ್ನು ಬಹುಪಾಲು ಯಂತ್ರಗಳು ಮಾಡುತ್ತವೆ. ಆದರೂ ಸಾಮಾನ್ಯ ಷಾಂಪೇನ್ ಕನಿಷ್ಠ 15 ತಿಂಗಳು, ಒಂದೇ ವರ್ಷದ ಬೆಳೆಯಿಂದ ಮಾಡಿ ವರ್ಷದ ಹೆಸರು ಹೊತ್ತದ್ದು ಕನಿಷ್ಠ ಮೂರು ವರ್ಷ ಕಾಯಲೇಬೇಕೆಂಬ ಕಟ್ಟಳೆ ಇದೆ.

ಈ ಮಾಳಿಗೆಗಳು ಸೀಸೆಗಳನ್ನಷ್ಟೇ ಕಾಪಾಡಲಿಲ್ಲ. ಮೊದಲನೆಯ ಮಹಾಯುದ್ಧದಲ್ಲಿ, 1914ರಿಂದ 1918ರವರೆಗೆ, ರೀಮ್ಸ್ ಪಟ್ಟಣದ ಮೇಲೆ ಜರ್ಮನ್ ಫಿರಂಗಿಗಳು ಗುಂಡು ಸುರಿಸಿದವು. ಊರಿನ ಸಾವಿರಾರು ಜನ ವೈನಿನ ಮಾಳಿಗೆಗಳಲ್ಲಿ ಸಂಸಾರ ಹೂಡಿದರು. ಸೀಸೆಗಳ ಸಾಲಿನ ನಡುವೆ ಮಕ್ಕಳಿಗೆ ಶಾಲೆ ನಡೆಯಿತು. ಗಂಡಸರು ಯುದ್ಧಕ್ಕೆ ಹೋಗಿದ್ದ 1914ರ ಕೊಯಿಲನ್ನು ಹೆಂಗಸರು, ಮುದುಕರು, ಮಕ್ಕಳು ಗುಂಡಿನ ಸದ್ದಿನ ನಡುವೆ ಮುಗಿಸಿದರು.

ಈಗ ರುಚಿಯ ಮಾತಿಗೆ ಬರೋಣ. ವೈನ್ ಪರೀಕ್ಷಕರು ಒಂದು ಗುಟುಕು ಬಾಯಿಗೆ ಹಾಕಿಕೊಂಡು ಇದರಲ್ಲಿ ಕರಿಮೆಣಸಿದೆ, ಬೆಣ್ಣೆಯಿದೆ, ಲವಂಗವಿದೆ ಎಂದರೆ ನಮಗೆ ನಗು ಬರುತ್ತದೆ. ದ್ರಾಕ್ಷಿಯಲ್ಲಿ ಮೆಣಸು ಎಲ್ಲಿಂದ ಬಂತು? ಆದರೆ ರಸಾಯನಶಾಸ್ತ್ರಜ್ಞರು ಪರೀಕ್ಷಿಸಿ ನೋಡಿದಾಗ ಆ ಮಾತುಗಳಲ್ಲಿ ಬಹಳಷ್ಟು ನಿಜವೆಂದು ತಿಳಿಯಿತು. ಸಿರಾ ಎಂಬ ದ್ರಾಕ್ಷಿಯ ಸಿಪ್ಪೆಯಲ್ಲಿ ರೋಟಂಡೋನ್ ಎಂಬ ಪದಾರ್ಥವಿದೆ ಎಂದು ಆಸ್ಟ್ರೇಲಿಯದ ಸಂಶೋಧಕರು 2008ರಲ್ಲಿ ತೋರಿಸಿದರು. ಕರಿಮೆಣಸಿನ ಕಂಪಿಗೂ ಅದೇ ಕಾರಣ. ಕ್ಯಾಬರ್ನೆ ಜಾತಿಯ ವೈನಿನಲ್ಲಿ ಬರುವ ಹಸಿ ದೊಣ್ಣೆಮೆಣಸಿನ ವಾಸನೆಯನ್ನು ಹುಟ್ಟಿಸುವ ಪದಾರ್ಥ ದೊಣ್ಣೆಮೆಣಸಿನಲ್ಲೂ ಇದೆ. ಓಕ್ ಮರದ ಪೀಪಾಯಿಯಲ್ಲಿ ಇಟ್ಟ ವೈನಿಗೆ ಲವಂಗದ, ವೆನಿಲಾದ ಕಂಪು ಮರದಿಂದ ಬರುತ್ತದೆ. ಮಸ್ಕತ್ ದ್ರಾಕ್ಷಿಯ ಹೂವಿನಂಥ ಘಮಕ್ಕೂ ನಮ್ಮ ಕೊತ್ತಂಬರಿ ಬೀಜದ ಘಮಕ್ಕೂ ಮೂಲ ಒಂದೇ. ಹೆಸರಿಸುವವರು ಸುಳ್ಳು ಹೇಳುತ್ತಿರಲಿಲ್ಲ. ಅವರ ಮೂಗಿಗೆ ತಾಕಿದ್ದು ಅದೇ ಅಣುವಾಗಿತ್ತು.

ಪರೀಕ್ಷೆಗೆ ಒಂದು ಕ್ರಮವಿದೆ. ಮೊದಲು ಕಣ್ಣು. ಲೋಟವನ್ನು ಓರೆ ಮಾಡಿ ಬಿಳಿಯ ಬಟ್ಟೆಯ ಮೇಲೆ ಹಿಡಿದು ಅಂಚಿನ ಬಣ್ಣ ನೋಡುತ್ತಾರೆ. ಎಳೆಯ ಕೆಂಪು ವೈನ್ ನೇರಳೆಯಾಗಿರುತ್ತದೆ. ವಯಸ್ಸಾದಂತೆ ಇಟ್ಟಿಗೆಯ ಬಣ್ಣಕ್ಕೆ, ಆಮೇಲೆ ಕಂದಿಗೆ ತಿರುಗುತ್ತದೆ. ಬಿಳಿ ವೈನ್ ಇದಕ್ಕೆ ವಿರುದ್ಧ. ವಯಸ್ಸಾದಂತೆ ಬಣ್ಣ ಗಾಢವಾಗಿ ಹೊನ್ನಿನ, ಜೇನಿನ ಬಣ್ಣ ತಾಳುತ್ತದೆ. ಎರಡನೆಯದು ಮೂಗು. ಲೋಟವನ್ನು ಮೆಲ್ಲಗೆ ಸುತ್ತಿಸಿದರೆ ಕಂಪು ಮೇಲೇಳುತ್ತದೆ. ಅದರಲ್ಲಿ ಹಣ್ಣಿನದು ಎಷ್ಟು, ಹುದುಗಿದ್ದರಿಂದ ಬಂದದ್ದು ಎಷ್ಟು, ಕಾಲ ಕೊಟ್ಟದ್ದು ಎಷ್ಟು ಎಂದು ಬೇರ್ಪಡಿಸುತ್ತಾರೆ. ಮೂರನೆಯದು ಬಾಯಿ.

ಬಾಯಿಯ ಪರೀಕ್ಷೆಯಲ್ಲಿ ನಮ್ಮ ನುಡಿಗೆ ಒಂದು ಸೌಭಾಗ್ಯವಿದೆ. ಎಳೆಯ ಬಾಳೆಕಾಯಿ, ಅಡಿಕೆ, ಹಸಿ ನೆಲ್ಲಿ ಕಚ್ಚಿದಾಗ ನಾಲಗೆ ಹಿಡಿದುಕೊಂಡಂತಾಗುವುದನ್ನು ನಾವು ಒಗರು ಎನ್ನುತ್ತೇವೆ. ದ್ರಾಕ್ಷಿಯ ಸಿಪ್ಪೆ, ಬೀಜಗಳಲ್ಲಿರುವ ಟ್ಯಾನಿನ್ ಎಂಬ ಪದಾರ್ಥ ಕೆಂಪು ವೈನಿಗೆ ಕೊಡುವ ಗುಣ ಇದೇ. ಆಯುರ್ವೇದ ಇದನ್ನು ಕಷಾಯ ಎಂದು ಆರು ರಸಗಳಲ್ಲಿ ಒಂದಾಗಿ ಎಣಿಸಿದೆ. ವಿಜ್ಞಾನದ ಪ್ರಕಾರ ಇದು ರುಚಿಗಿಂತ ಸ್ಪರ್ಶಕ್ಕೆ ಹತ್ತಿರ. ಟ್ಯಾನಿನ್ ಜೊಲ್ಲಿನಲ್ಲಿರುವ ಪ್ರೋಟೀನುಗಳಿಗೆ ಅಂಟಿಕೊಂಡು ಜಾರುವ ಗುಣವನ್ನು ಕಸಿದುಕೊಳ್ಳುವುದರಿಂದ ನಾಲಗೆ ಒರಟಾಗುತ್ತದೆ. ತಂಪಾದ ಮಾಳಿಗೆಯಲ್ಲಿ ವರ್ಷಗಳು ಕಳೆದಂತೆ ಈ ಅಣುಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡು ಮಡ್ಡಿಯಾಗಿ ಕೂರುತ್ತವೆ, ಒಗರು ಇಳಿದು ನಯ ಬರುತ್ತದೆ. ಕೆಟ್ಟ ವಾಸನೆಗಳಿಗೂ ನಮ್ಮಲ್ಲಿ ಹೆಸರುಗಳಿಗೆ ಕೊರತೆಯಿಲ್ಲ: ಕಮಟು, ಮುಗ್ಗಲು, ಹಳಸಲು, ಘಾಟು, ಸೀದದ್ದು. ಬೂಚಿನ ದೋಷದಿಂದ ಕೆಟ್ಟ ವೈನಿಗೆ ಮುಗ್ಗಲು ಎಂಬುದಕ್ಕಿಂತ ಒಪ್ಪುವ ಪದ ಬೇರೆ ಇಲ್ಲ. ಆ ದೋಷದ ಮೂಲವನ್ನು 1980ರ ದಶಕದ ಆರಂಭದಲ್ಲಿ ಸ್ವಿಟ್ಸರ್ಲೆಂಡಿನಲ್ಲಿ ಗುರುತಿಸಲಾಯಿತು. ಒಂದು ಲೀಟರಿನಲ್ಲಿ ಒಂದು ಗ್ರಾಮಿನ ಶತಕೋಟಿಯ ಕೆಲವೇ ಪಾಲು ಇದ್ದರೂ ಪಳಗಿದ ಮೂಗು ಅದನ್ನು ಹಿಡಿಯುತ್ತದೆ.

ಮೂಗು ಪಳಗಿದ್ದರೂ ಮನಸ್ಸು ಮೋಸ ಹೋಗಬಹುದು. ಫ್ರಾನ್ಸಿನ ಬೋರ್ಡೋ ವಿಶ್ವವಿದ್ಯಾಲಯದಲ್ಲಿ ವೈನ್ ಶಾಸ್ತ್ರ ಓದುತ್ತಿದ್ದ 54 ವಿದ್ಯಾರ್ಥಿಗಳಿಗೆ ಬಿಳಿ ವೈನಿಗೇ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿ ಕೊಡಲಾಯಿತು. ಅವರು ಅದನ್ನು ಕೆಂಪು ವೈನಿಗೆ ಹೇಳುವ ಮಾತುಗಳಿಂದಲೇ ವರ್ಣಿಸಿದರು. 2001ರಲ್ಲಿ ಪ್ರಕಟವಾದ ಈ ಪ್ರಯೋಗದಿಂದ ತಿಳಿಯುವುದೇನೆಂದರೆ, ಕಣ್ಣು ಹೇಳಿದ್ದನ್ನು ಮೂಗು ನಂಬಿಬಿಡುತ್ತದೆ. ಆದ್ದರಿಂದಲೇ ಗಂಭೀರವಾದ ಪರೀಕ್ಷೆಗಳಲ್ಲಿ ಸೀಸೆಯ ಹೆಸರು, ಬೆಲೆಗಳನ್ನು ಮುಚ್ಚಿಡುತ್ತಾರೆ.

ಸಮುದ್ರದ ತಳದಲ್ಲಿ ಸಿಕ್ಕ ಆ 168 ಸೀಸೆಗಳ ಕಥೆಯನ್ನು ಅರ್ಧಕ್ಕೆ ಬಿಟ್ಟಿದ್ದೆವು. ಅವುಗಳಲ್ಲಿ ಹಲವು ಕ್ಲಿಕೋ ಮನೆತನದವೇ ಆಗಿದ್ದವು. ರೀಮ್ಸ್ ವಿಶ್ವವಿದ್ಯಾಲಯದ ಫಿಲಿಪ್ ಜಾಂದೆ ಮತ್ತು ಸಂಗಡಿಗರು ಅವನ್ನು ಪರೀಕ್ಷಿಸಿ 2015ರಲ್ಲಿ ವರದಿ ಪ್ರಕಟಿಸಿದರು. ಲೋಟಕ್ಕೆ ಸುರಿದಾಗ ಮೊದಲು ಬಂದದ್ದು ಪ್ರಾಣಿಯ ಒದ್ದೆ ಕೂದಲಿನಂಥ ಕಮಟು ವಾಸನೆ. ಲೋಟವನ್ನು ಸುತ್ತಿಸಿ ಗಾಳಿ ತಾಗಿಸಿದ ಮೇಲೆ ಅದು ಹೋಗಿ, ಹುರಿದ ಪದಾರ್ಥದ, ಹೊಗೆಯ, ಮಸಾಲೆಯ, ತೊಗಲಿನ ವಾಸನೆಗಳೂ ಅವುಗಳ ಹಿಂದೆ ಹಣ್ಣು, ಹೂವಿನ ಕಂಪೂ ಕಾಣಿಸಿಕೊಂಡವು. ಲೀಟರಿಗೆ 140 ಗ್ರಾಮಿಗೂ ಮೀರಿದ ಸಕ್ಕರೆ ಇತ್ತು. ಇಂದಿನ ಸಾಮಾನ್ಯ ಷಾಂಪೇನಿನಲ್ಲಿ ಅದು 12 ಗ್ರಾಂ ದಾಟುವುದಿಲ್ಲ. ಅಂದಿನವರ ಸಿಹಿಯ ಆಸೆ ಎಷ್ಟೆಂಬುದಕ್ಕೆ ಸೀಸೆಯೇ ಸಾಕ್ಷಿ ಹೇಳಿತು. ನೊರೆ ಬಹುಪಾಲು ಹೋಗಿತ್ತು, ರಸ ಮಾತ್ರ ಕೆಟ್ಟಿರಲಿಲ್ಲ. ಸಮುದ್ರದ ತಳದ 2ರಿಂದ 4 ಡಿಗ್ರಿ ತಂಪು, ಕಗ್ಗತ್ತಲು, ಅಲುಗಾಟವಿಲ್ಲದ ಹಾಸಿಗೆ, ಸದಾ ತೊಯ್ದ ಬೂಚು: ಇದಕ್ಕಿಂತ ಒಳ್ಳೆಯ ಮಾಳಿಗೆಯನ್ನು ಯಾರೂ ಕಟ್ಟಲಾರರು. 2011ರಲ್ಲಿ ಅಂಥ ಒಂದು ಸೀಸೆ ಹರಾಜಿನಲ್ಲಿ 30,000 ಯೂರೋ ಬೆಲೆಗೆ ಹೋಯಿತು.

ಹಾಗೆಂದು ಎಲ್ಲ ವೈನೂ ಇಟ್ಟಷ್ಟು ಒಳ್ಳೆಯದಾಗುತ್ತದೆ ಎಂದು ತಿಳಿಯಬಾರದು. ಜಗತ್ತಿನಲ್ಲಿ ತಯಾರಾಗುವ ವೈನಿನ ಬಹುಪಾಲು ಒಂದೆರಡು ವರ್ಷದಲ್ಲಿ ಬಳಸಲೆಂದೇ ಮಾಡಿದ್ದು. ಹುಳಿ, ಒಗರು ಅಥವಾ ಸಿಹಿ ಚೆನ್ನಾಗಿರುವುದಕ್ಕೆ ಮಾತ್ರ ದೀರ್ಘಾಯುಷ್ಯ. ನಮ್ಮ ತೋಟಗಳ ಥಾಮ್ಸನ್, ಸೋನಾಕಾ, ತಾಸ್ ಗಣೇಶ ಜಾತಿಗಳು ತಿನ್ನಲು ಸೊಗಸು. ಆದರೆ ತೆಳು ಸಿಪ್ಪೆ, ಬೀಜವಿಲ್ಲ, ಆದ್ದರಿಂದ ಒಗರೂ ಇಲ್ಲ. ವೈನಿಗೆ ಬೇಕಾದದ್ದು ಸಣ್ಣ ಹಣ್ಣಿನ, ದಪ್ಪ ಸಿಪ್ಪೆಯ, ಬೀಜವುಳ್ಳ ಜಾತಿಗಳು. ಅಂಥವನ್ನು ನಾಸಿಕದಲ್ಲಿ, ಬೆಂಗಳೂರಿನ ಬಳಿಯ ನಂದಿಬೆಟ್ಟದ ತಪ್ಪಲಿನಲ್ಲಿ, ನಿಮ್ಮ ಸೊಲ್ಲಾಪುರ ಜಿಲ್ಲೆಯದೇ ಆದ ಅಕಲೂಜಿನ ಸುತ್ತಮುತ್ತ ಬೆಳೆಯುತ್ತಾರೆ. ಮಹಾರಾಷ್ಟ್ರ ಸರಕಾರ 2001ರಲ್ಲಿ, ಕರ್ನಾಟಕ ಸರಕಾರ 2007ರಲ್ಲಿ ಇದಕ್ಕಾಗಿ ಬೇರೆ ಬೇರೆ ನೀತಿಗಳನ್ನು ತಂದವು.

ಇಷ್ಟೆಲ್ಲ ತಿಳಿದು ಬೆಳೆಗಾರನಿಗೆ ಆಗುವುದೇನು ಎಂದು ನೀವು ಕೇಳಬಹುದು. ಅದಕ್ಕೆ ಷಾಂಪೇನಿನದೇ ಇನ್ನೊಂದು ಘಟನೆ ಉತ್ತರ ಕೊಡುತ್ತದೆ. 1911ರಲ್ಲಿ ಅಲ್ಲಿಯ ದ್ರಾಕ್ಷಿ ಬೆಳೆಗಾರರು ದಂಗೆ ಎದ್ದರು. ಹಿಂದಿನ ವರ್ಷ ಮಳೆ, ರೋಗಗಳಿಂದ ಬೆಳೆ ನೆಲಕಚ್ಚಿತ್ತು. ವರ್ತಕರಾದರೋ ಬೇರೆ ಪ್ರಾಂತಗಳ ಅಗ್ಗದ ರಸ ತರಿಸಿ ಷಾಂಪೇನ್ ಹೆಸರಿನಲ್ಲಿ ಮಾರುತ್ತಿದ್ದರು. ಕೊಯ್ದ ಹಣ್ಣನ್ನು ಅಂದೇ ಮಾರಬೇಕಾದವನು ಒಂದು ಕಡೆ, ವರ್ಷಗಟ್ಟಲೆ ಸರಕು ಇಟ್ಟುಕೊಂಡು ಕಾಯಬಲ್ಲವನು ಇನ್ನೊಂದು ಕಡೆ. ಸಿಟ್ಟಿಗೆದ್ದ ಜನ ಆಯಿ ಎಂಬ ಊರಿನ ವರ್ತಕರ ಮನೆಗಳಿಗೆ ನುಗ್ಗಿ ಪೀಪಾಯಿಗಳನ್ನು ಒಡೆದರು, ಕಟ್ಟಡಗಳಿಗೆ ಬೆಂಕಿ ಇಟ್ಟರು. ಸೈನ್ಯ ಬರಬೇಕಾಯಿತು. ಬೆಂಕಿಯಿಂದ ಬೆಳೆಗಾರರಿಗೆ ಬೆಲೆ ಸಿಗಲಿಲ್ಲ. ಮುಂದೆ ಅವರು ಸಹಕಾರ ಸಂಘಗಳನ್ನು ಕಟ್ಟಿ ತಮ್ಮದೇ ಗಾಣ, ತಮ್ಮದೇ ಮಾಳಿಗೆ ಮಾಡಿಕೊಂಡರು. ಷಾಂಪೇನ್ ಎಂಬ ಹೆಸರಿಗೆ 1927ರಲ್ಲಿ ಗಟ್ಟಿಯಾದ ಗಡಿ ಬಂತು. 1941ರಲ್ಲಿ ಬೆಳೆಗಾರರೂ ವರ್ತಕರೂ ಕೂಡಿ ಕೂರುವ ಮಂಡಳಿ ಹುಟ್ಟಿತು. ಇಂದಿಗೂ ಅಲ್ಲಿಯ ತೋಟಗಳ ಸುಮಾರು ಶೇಕಡ 90ರಷ್ಟು ಬೆಳೆಗಾರರ ಕೈಯಲ್ಲೇ ಇವೆ.

ಜತ್ತ ತಾಲೂಕಿನ ಬೆಳೆಗಾರನಿಗೆ ಈ ಮಾತು ಹೊಸದಾಗಿರಲಾರದು. ಹಣ್ಣಿನ ಬೆಲೆ ಬಿದ್ದಾಗ ಆತ ಗೊಂಚಲನ್ನು ದ್ರಾವಣದಲ್ಲಿ ಅದ್ದಿ, ನೆರಳಿನ ಚಪ್ಪರದಲ್ಲಿ ಬಲೆಯ ಮೇಲೆ ಹರವಿ ಒಣದ್ರಾಕ್ಷಿ ಮಾಡುತ್ತಾನೆ. ಸಾಂಗ್ಲಿ ಜಿಲ್ಲೆಯ ಒಣದ್ರಾಕ್ಷಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ. ಒಣದ್ರಾಕ್ಷಿಯ ಶತ್ರುಗಳೂ ಅವೇ: ಬಿಸಿ, ಬೆಳಕು, ಗಾಳಿ. ಬಿಸಿಲಿಗೆ ಇಟ್ಟರೆ ಹಸಿರು ಹೋಗಿ ಕಪ್ಪಾಗುತ್ತದೆ, ದರ ಇಳಿಯುತ್ತದೆ. ಶೀತಲ ಗೃಹದಲ್ಲಿ ಇಟ್ಟರೆ ಹಬ್ಬದ ದಿನಗಳವರೆಗೆ ಕಾಯುತ್ತದೆ. ಆದರೆ ಆ ಶೀತಲ ಗೃಹ ಯಾರದು, ಬಾಡಿಗೆ ಎಷ್ಟು, ಸರಕು ಒಳಗಿರುವಾಗ ಮನೆಯ ಖರ್ಚಿಗೆ ಹಣ ಎಲ್ಲಿಂದ, ಈ ಪ್ರಶ್ನೆಗಳು ಬಳ್ಳಿಯ ಬೇರಿನಷ್ಟೇ ಮುಖ್ಯ. ಬೆಳೆದವನಿಗೆ ಕಾಯುವ ಶಕ್ತಿ ಇಲ್ಲದಿದ್ದರೆ ಕಾಲದ ಲಾಭವೆಲ್ಲ ಕೂಡಿಡಬಲ್ಲವನ ಪಾಲಾಗುತ್ತದೆ. ಒಬ್ಬೊಬ್ಬರಿಗೆ ಸಾಧ್ಯವಾಗದ ಮಾಳಿಗೆ ಹತ್ತು ಮನೆ ಕೂಡಿದರೆ ಸಾಧ್ಯ ಎಂಬುದಕ್ಕೆ ಷಾಂಪೇನಿನ ಸಂಘಗಳು ನಿದರ್ಶನ.

ಮನೆಮಟ್ಟಕ್ಕೂ ಇದರಿಂದ ಒಂದು ಪಾಠವಿದೆ. ಜೇನು, ಎಣ್ಣೆ, ಉಪ್ಪಿನಕಾಯಿ, ಔಷಧಿಯ ಸೀಸೆ, ಯಾವುದನ್ನೇ ಆಗಲಿ ಒಲೆಯ ಪಕ್ಕದ ಅಥವಾ ಕಿಟಕಿಯ ಬಿಸಿಲು ಬೀಳುವ ಗೂಡಿನಲ್ಲಿ ಇಡಬೇಡಿ. ದಪ್ಪ ಗೋಡೆಯ ನಡುಮನೆಯ ಕತ್ತಲ ಮೂಲೆ, ನೆಲಕ್ಕೆ ಹತ್ತಿರದ ಜಾಗ ಅದಕ್ಕೆ ಒಳ್ಳೆಯದು. ಆಗಾಗ ಮೂಸಿ ನೋಡಿ, ಬಂದ ವಾಸನೆಗೆ ಸರಿಯಾದ ಹೆಸರಿಟ್ಟು ಮಕ್ಕಳಿಗೂ ಹೇಳಿ. ಕಮಟು ಯಾವುದು, ಮುಗ್ಗಲು ಯಾವುದು, ಒಗರು ಯಾವುದು ಎಂದು ಬೇರೆ ಮಾಡಿ ಹೇಳಬಲ್ಲ ಮಗು ಕೆಟ್ಟದ್ದನ್ನು ಬಾಯಿಗೆ ಹಾಕಿಕೊಳ್ಳುವುದಿಲ್ಲ. ಗಡಿಯ ಆಚೆ ಇರುವ ನಮ್ಮ ಮನೆಗಳಲ್ಲಿ ಈ ಪದಗಳನ್ನೂ ಹಗೇವಿನ ಕಾಳಿನಂತೆ ಕಾಪಿಟ್ಟುಕೊಳ್ಳಬೇಕು.